ಗಿರಾಕಿ ದೂರು ಕೊಟ್ರ ಏನು ಹೇಳಬೇಕು? ಉಣಕಲ್ ಅಂಗಡಿಕಾರರಿಗೊಂದು ಮಾಹಿತಿ

ಉಣಕಲ್: ಕೆರೆ, ಚಂದ್ರಮೌಳೇಶ್ವರ ಗುಡಿ, ಸಿದ್ದಪ್ಪಜ್ಜನ ಮಠ ಅಂದ್ರ ಉಣಕಲ್ಲಿನ ಗುರುತು. ಹಳ್ಳಿಯಾಗಿದ್ದ ಊರು ಈಗ ಹುಬ್ಬಳ್ಳಿ-ಧಾರವಾಡ ಅವಳಿ ನಗರದ ನಡುವೆ ಸೇರಿಹೋಗಿದೆ. ಹೀಗಾಗಿ ಇಲ್ಲಿನ ಅಂಗಡಿಗಳಿಗೆ ಎರಡು ನಮೂನಿ ಗಿರಾಕಿಗಳು. ಒಬ್ಬರು ಅಪ್ಪ-ಅಜ್ಜನ ಕಾಲದಿಂದ ಉದ್ರಿ ಬರೆಸಿಕೊಂಡು ಬಂದ ಊರಿನವರು. ಇನ್ನೊಬ್ಬರು ಹೊಸ ಬಡಾವಣೆಗಳಿಗೆ ಬಂದವರು, ಮೊಬೈಲ್‌ನಲ್ಲಿ ಸ್ಟಾರ್ ಎಷ್ಟು ಐತಿ ನೋಡಿ ಅಂಗಡಿಗೆ ಬರುವವರು.

ಮೊದಲಿನವರು ಸಿಟ್ಟಾದರೆ ಅಂಗಡಿಗೇ ಬಂದು ಕೇಳುತ್ತಾರೆ. ಎರಡನೆಯವರು ಮನೆಯಲ್ಲಿ ಕುಳಿತು ಫೋಟೊ ಹಾಕುತ್ತಾರೆ, ಅದು ಸಂಜೆಯೊಳಗೆ ನಾಲ್ಕು ವಾಟ್ಸಾಪ್ ಗ್ರೂಪ್ ಸುತ್ತುತ್ತದೆ. ದೊಡ್ಡ ಕಂಪನಿಗಳಲ್ಲಿ ಇಂಥದ್ದಕ್ಕೆ ಪಿಆರ್ ವಿಭಾಗವೇ ಇರುತ್ತದೆ. ಸಣ್ಣ ಅಂಗಡಿಯಲ್ಲಿ ಗಲ್ಲೆ ಮೇಲೆ ಕುಳಿತ ಮಾಲೀಕರೇ ಪಿಆರ್. ಅವರಿಗೆ ಉಪಯೋಗವಾಗುವ ವಿಷಯಗಳು ಇಲ್ಲಿವೆ.

ಬೋರ್ಡು ಮತ್ತು ವಿಳಾಸ

ಅಂಗಡಿಯ ಮೊದಲ ಮಾತು ಅದರ ಬೋರ್ಡು. 2024ರಲ್ಲಿ ತಿದ್ದುಪಡಿಯಾದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಪ್ರಕಾರ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದು ಫಲಕದ ಮೇಲಿನ ಭಾಗದಲ್ಲಿರಬೇಕು.

ಅವಳಿ ನಗರದ ನಡುವೆ ಚಿಗರಿ ಬಸ್‌ಗಳು 2018ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಶುರುವಾದವು, 2020ರ ಫೆಬ್ರುವರಿ 2ರಂದು ಅಧಿಕೃತ ಉದ್ಘಾಟನೆ ಆಯಿತು. ಈ ಬಸ್‌ಗಳ ನಿಲ್ದಾಣ ರಸ್ತೆಯ ನಡುವೆ ಇವೆ. ಇಳಿದವರು ಯಾವ ಬದಿಗೆ ದಾಟಬೇಕು ಅನ್ನುವುದೇ ಹೊಸ ಗಿರಾಕಿಯ ಮೊದಲ ಪ್ರಶ್ನೆ. ಆದ್ದರಿಂದ ವಿಳಾಸ ಹೇಳುವಾಗ 'ಪಿ.ಬಿ. ರೋಡ್, ಉಣಕಲ್' ಅಂದರೆ ಸಾಲದು. ಹತ್ತಿರದ ನಿಲ್ದಾಣ ಯಾವುದು, ಧಾರವಾಡದ ಕಡೆ ಹೋಗುವಾಗ ಎಡಕ್ಕೋ ಬಲಕ್ಕೋ, ಗಾಡಿ ಎಲ್ಲಿ ನಿಲ್ಲಿಸಬೇಕು ಎಂಬುದನ್ನೂ ಹೇಳಬೇಕು. ಗೂಗಲ್ ನಕ್ಷೆಯಲ್ಲಿ ಅಂಗಡಿ ಸೇರಿಸಲು ದುಡ್ಡಿಲ್ಲ. ಆದರೆ ವಾರದ ರಜೆ, ಜಾತ್ರೆ-ಹಬ್ಬದ ರಜೆ ಅಲ್ಲಿ ತಿದ್ದದೇ ಬಿಟ್ಟರೆ, ಬಂದು ಕದ ಹಾಕಿದ್ದು ನೋಡಿ ಹೋದ ಗಿರಾಕಿ ಮತ್ತೆ ಬರುವುದು ಕಷ್ಟ.

ರೇಟು ಏರಿಸುವಾಗ

ನಂದಿನಿ ಹಾಲಿನ ಉದಾಹರಣೆ ಎಲ್ಲರಿಗೂ ಗೊತ್ತು. 2024ರ ಜೂನ್ 26ರಿಂದ ಕೆಎಂಎಫ್ ಪ್ರತಿ ಪ್ಯಾಕೆಟ್‌ಗೆ 50 ಮಿ.ಲೀ. ಹಾಲು ಹೆಚ್ಚಿಸಿ 2 ರೂಪಾಯಿ ಜಾಸ್ತಿ ತೆಗೆದುಕೊಂಡಿತು. 'ಇದು ದರ ಏರಿಕೆ ಅಲ್ಲ, ಹೆಚ್ಚಿನ ಹಾಲಿನ ದರ' ಎಂಬುದು ವಿವರಣೆಯಾಗಿತ್ತು. ಲೆಕ್ಕ ಸರಿಯಿದ್ದರೂ, ದಿನಾ ಒಂದೇ ಪ್ಯಾಕೆಟ್ ಒಯ್ಯುವ ಮನೆಯವರ ಕೈಯಿಂದ ಹೋಗಿದ್ದು 2 ರೂಪಾಯಿಯೇ. 2025ರ ಏಪ್ರಿಲ್ 1ರಿಂದ ಆ ಹೆಚ್ಚುವರಿ 50 ಮಿ.ಲೀ. ತೆಗೆದು, ಲೀಟರ್‌ಗೆ 4 ರೂಪಾಯಿ ಏರಿಸಲಾಯಿತು. ಆಗ ಹಾಲು ಉತ್ಪಾದಕರಿಗೆ ಹೋಗುವ ಹಣದ ಮಾತು ಮುಂದೆ ಬಂತು.

ಅಂಗಡಿಕಾರರು ಇದರಿಂದ ತಿಳಿಯಬೇಕಾದದ್ದು: ಏರಿಕೆಯನ್ನು ಏರಿಕೆ ಅಂತಲೇ ಹೇಳಬೇಕು. ಖಾನಾವಳಿಯಲ್ಲಿ ಊಟದ ರೇಟು ಹೆಚ್ಚಾಗುವುದಿದ್ದರೆ ಒಂದು ವಾರ ಮೊದಲೇ ಚೀಟಿ ಅಂಟಿಸಬೇಕು. ಹಳೇ ರೇಟು, ಹೊಸ ರೇಟು, ಯಾವತ್ತಿನಿಂದ, ಯಾಕೆ – ಈ ನಾಲ್ಕೇ ಸಾಕು. ಹೇಳದೇ ರೊಟ್ಟಿ ಸಣ್ಣದು ಮಾಡಿದರೆ ಗಿರಾಕಿಗೆ ತಿಳಿಯದೇ ಇರುವುದಿಲ್ಲ.

ಪ್ಯಾಕೆಟ್ ಮಾಲಿನಲ್ಲಿ ಎಂಆರ್‌ಪಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. 'ಕೂಲಿಂಗ್ ಚಾರ್ಜ್ ರಿ' ಎಂಬ ಮಾತಿಗೆ ಕಾನೂನಿನಲ್ಲಿ ಜಾಗ ಇಲ್ಲ.

ದೂರು ಬಂದ ಮೊದಲ ದಿನ

ಒಂದು ಬೇಕರಿಯ ಕೇಕ್ ಹಳಸಿದೆ ಎಂದು ಯಾರೋ ಫೋಟೊ ಹಾಕಿದರು ಅಂತ ತಿಳಿಯೋಣ. ಮಾಲೀಕರಿಗೆ ಮೊದಲು ಬರುವುದು ಸಿಟ್ಟು: 'ಬಾಜೂ ಅಂಗಡಿಯವರೇ ಹಾಕ್ಸ್ಯಾರ!' ಇರಬಹುದು, ಇಲ್ಲದಿರಬಹುದು. ಆದರೆ ಅದನ್ನೇ ಬರೆದರೆ ನೂರು ಜನ ಓದುವುದು ಕೇಕಿನ ಸುದ್ದಿಯನ್ನಲ್ಲ, ಜಗಳವನ್ನು. ಮಾಡಬೇಕಾದದ್ದು ಇಷ್ಟು:

1. ಆ ದಿನದ ಮಾಲು ಮಾರುವುದನ್ನು ನಿಲ್ಲಿಸಿ, ಉಳಿದದ್ದನ್ನು ಬೇರೆ ಇಡಬೇಕು.
2. ಬಿಲ್, ತಯಾರಿಕೆ ದಿನ, ಫ್ರಿಜ್ ಕೆಟ್ಟಿತ್ತೋ ಇಲ್ಲವೋ ಎಲ್ಲ ನೋಡಬೇಕು.
3. ಅಂಗಡಿಯಿಂದ ಒಬ್ಬರೇ ಉತ್ತರಿಸಬೇಕು. ಮಾಲೀಕರು ಒಂದು, ಮಗ ಒಂದು, ಕೆಲಸದ ಹುಡುಗ ಇನ್ನೊಂದು ಹೇಳಬಾರದು.
4. ಗೊತ್ತಿರುವುದನ್ನು ಮಾತ್ರ ಹೇಳಿ, ಉಳಿದದ್ದಕ್ಕೆ ಸಮಯ ಹೇಳಬೇಕು. ಆ ಸಮಯ ತಪ್ಪಿಸಬಾರದು.
5. ಗಿರಾಕಿಯ ಫೋನ್ ನಂಬರು, ಮನೆ ವಿಳಾಸ, ಉದ್ರಿ ಬಾಕಿ ಎಂದೂ ಹೊರಗೆ ಹಾಕಬಾರದು.

ಉತ್ತರ ಹೀಗಿದ್ದರೆ ಸಾಕು: 'ನಮಸ್ಕಾರ್ರಿ. ನಿನ್ನೆ ಒಯ್ದ ಕೇಕ್ ಸರಿ ಇರಲಿಲ್ಲ ಅಂತ ತಿಳಿಸೀರಿ. ತ್ರಾಸ ಆಗಿದ್ದಕ್ಕ ಕ್ಷಮಿಸ್ರಿ. ಆ ದಿನದ ಮಾಲು ಮಾರೂದು ನಿಲ್ಲಿಸೇವಿ. ಏನಾಗಿತ್ತು ಅಂತ ನೋಡಿ ನಾಳೆ ಮಧ್ಯಾಹ್ನ 12ರೊಳಗ ಇಲ್ಲೇ ಹೇಳ್ತೇವಿ. ಬಿಲ್ ತಗೊಂಡು ಬರ್ರಿ, ರೊಕ್ಕ ವಾಪಸ್ ಕೊಡ್ತೇವಿ.'

ದೊಡ್ಡವರಿಗೂ ಇದು ಸುಲಭವಲ್ಲ. 2015ರಲ್ಲಿ ಮ್ಯಾಗಿ ನೂಡಲ್ಸ್‌ನಲ್ಲಿ ಸೀಸದ ಅಂಶ ಹೆಚ್ಚಿದೆ ಎಂಬ ಆರೋಪ ಬಂದಾಗ ನೆಸ್ಲೆ ಕಂಪನಿ 'ನಮ್ಮ ಮಾಲು ಸುರಕ್ಷಿತ' ಎನ್ನುತ್ತಲೇ ಬಂತು. ಜೂನ್ 5ರಂದು ದೇಶದ ಎಲ್ಲ ಅಂಗಡಿಗಳಿಂದ ಮಾಲು ವಾಪಸ್ ಪಡೆಯಬೇಕಾಯಿತು. ಆಗಸ್ಟ್ 13ರಂದು ಬಾಂಬೆ ಹೈಕೋರ್ಟ್ ನಿಷೇಧ ರದ್ದು ಮಾಡಿ ಮರುಪರೀಕ್ಷೆಗೆ ಹೇಳಿತು. ಪರೀಕ್ಷೆಯಲ್ಲಿ ಪಾಸಾಗಿ ಮ್ಯಾಗಿ ಮತ್ತೆ ಮಾರುಕಟ್ಟೆಗೆ ಬಂದದ್ದು ನವೆಂಬರ್‌ನಲ್ಲಿ. ಕೋರ್ಟಿನಲ್ಲಿ ಗೆದ್ದರೂ ಐದು ತಿಂಗಳು ವ್ಯಾಪಾರ ಇರಲಿಲ್ಲ. ಮಾಲು ಸರಿ ಇರುವುದು ಒಂದು, ಜನ ಅದನ್ನು ನಂಬುವುದು ಇನ್ನೊಂದು. ಕಂಪನಿ ಐದು ತಿಂಗಳು ತಡೆದೀತು, ಸಣ್ಣ ಬೇಕರಿ ತಡೆಯುವುದಿಲ್ಲ.

'ಮಾರಿದ ಮಾಲು ವಾಪಸ್ ಇಲ್ಲ'

ಈ ಬೋರ್ಡು ಬಹಳ ಅಂಗಡಿಗಳಲ್ಲಿದೆ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ದೋಷವಿರುವ ಮಾಲನ್ನು ಬಿಲ್‌ನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಬರೆಯದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದಿರುವುದೂ ಅಷ್ಟೇ. ಬಣ್ಣ ಮನಸ್ಸಿಗೆ ಬರಲಿಲ್ಲ ಅನ್ನುವ ಸೀರೆಗೆ ಈ ನಿಯಮ ಹತ್ತುವುದಿಲ್ಲ, ಅಲ್ಲಿ ಅಂಗಡಿಯ ನಿಯಮವೇ ನಿಯಮ. ಹಾಗಾಗಿ ಬೋರ್ಡು ಬದಲಿಸುವುದು ಒಳ್ಳೆಯದು: 'ದೋಷ ಇದ್ದರೆ ಬಿಲ್ ತೋರಿಸಿ ವಾಪಸ್ ಕೊಡಿರಿ. ಬದಲಿ ಬೇಕಿದ್ದರೆ 3 ದಿನದೊಳಗೆ ಬರ್ರಿ.' ಜಗಳ ಅರ್ಧ ಅಲ್ಲೇ ಮುಗಿಯುತ್ತದೆ. ಗಿರಾಕಿಗಳು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು ಎಂಬುದೂ ಅಂಗಡಿಕಾರರಿಗೆ ಗೊತ್ತಿರಬೇಕು.

ಆಹಾರ ವ್ಯಾಪಾರಿಗಳ ಬಿಲ್ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇರುವುದು 2022ರ ಜನವರಿ 1ರಿಂದ ಕಡ್ಡಾಯ. ಇದನ್ನು ಬರೀ ಕಾಯ್ದೆ ಅಂತ ನೋಡಬಾರದು, ಹೊಸ ಗಿರಾಕಿಗೆ ನಂಬಿಕೆ ಬರುವುದೂ ಇದರಿಂದಲೇ.

ಜಾಹೀರಾತು

ದಾರಿ ತಪ್ಪಿಸುವ ಜಾಹೀರಾತಿಗೆ ಇದೇ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. 'ಧಾರವಾಡ ಪೇಡಾ' ಹೆಸರಿಗೆ ಭೌಗೋಳಿಕ ಗುರುತಿನ ನೋಂದಣಿ ಇದೆ, ಕಂಡವರೆಲ್ಲ ಬಳಸುವ ಹೆಸರಲ್ಲ ಅದು. 'ಶುಗರ್ ಪೂರಾ ಕಡಿಮಿ ಆಗ್ತದ' ಎಂದು ಜ್ಯೂಸ್ ಮಾರುವುದು, ಒಂದೇ ಸೀರೆಗೆ ಡಿಸ್ಕೌಂಟ್ ಇಟ್ಟು ಇಡೀ ಅಂಗಡಿಗೆ ಅಂತ ಬ್ಯಾನರ್ ಕಟ್ಟುವುದು ಎರಡೂ ಬೇಡ.

ಪತ್ರಿಕೆಯವರು ಕೇಳಿದರೆ

ಫೋನ್ ಕಟ್ ಮಾಡಿದರೆ ಸುದ್ದಿ ನಿಲ್ಲುವುದಿಲ್ಲ, ಅಂಗಡಿಯವರ ಮಾತಿಲ್ಲದೇ ಬರುತ್ತದೆ. 'ಅರ್ಧ ತಾಸು ಟೈಮ್ ಕೊಡ್ರಿ, ನಾನೇ ಫೋನ್ ಮಾಡ್ತೀನಿ' ಎಂದು ಹೇಳಿ, ಬರೆದುಕೊಂಡು, ಮಾತು ಕೊಟ್ಟಂತೆ ಫೋನ್ ಮಾಡಬೇಕು. ತಪ್ಪು ಸುದ್ದಿ ಬಂದಿದ್ದರೆ ಬಿಲ್, ಫೋಟೊ ಸಮೇತ ತಿದ್ದುಪಡಿ ಕೇಳಬಹುದು.

ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುವ ಗಾದೆ ವ್ಯಾಪಾರಕ್ಕೂ ಹೊಂದುತ್ತದೆ. ಆದರೆ ಮಾಲು ಕೆಟ್ಟಿದ್ದರೆ ಬರೀ ಮಾತಿನಿಂದ ಆಗುವುದಿಲ್ಲ. ಮೊದಲು ಮಾಲು ಸರಿ ಮಾಡಬೇಕು, ಆಮೇಲೆ ಮಾಡಿದ್ದನ್ನು ಹೇಳಬೇಕು. ಇವತ್ತೇ ಮಾಡಬಹುದಾದ ಕೆಲಸ ಒಂದಿದೆ: ದೂರು ಬಂದರೆ ಉತ್ತರ ಕೊಡುವವರು ಯಾರು ಎಂದು ಮನೆಯವರು, ಕೆಲಸದವರು ಕೂಡಿ ತೀರ್ಮಾನಿಸಿ, ಆ ಫೋನ್ ನಂಬರನ್ನು ಗಲ್ಲೆ ಹತ್ತಿರ ಎಲ್ಲರಿಗೂ ಕಾಣುವಂತೆ ಬರೆದು ಅಂಟಿಸುವುದು. ಅಂಗಡಿಗೇ ಬಂದು ಹೇಳಲು ದಾರಿ ಇದ್ದರೆ, ಬಹಳ ಗಿರಾಕಿಗಳು ಊರಿಗೆ ಹೇಳಲು ಹೋಗುವುದಿಲ್ಲ.