ದನದ ದವಾಖಾನೆಗೆ ನಾಯಿ ಬಂದ ದಾರಿ: ಸಾಕುಪ್ರಾಣಿಗಳ ಮೃದು ಅಂಗಾಂಶ ಶಸ್ತ್ರಚಿಕಿತ್ಸೆ

ಎಲುಬು ಮತ್ತು ಕೀಲುಗಳನ್ನು ಬಿಟ್ಟು ಚರ್ಮ, ಸ್ನಾಯು, ಕರುಳು, ಗರ್ಭಕೋಶ, ಮೂತ್ರಕೋಶ, ಶ್ವಾಸಮಾರ್ಗ ಮೊದಲಾದ ಅಂಗಗಳ ಮೇಲೆ ನಡೆಯುವ ಶಸ್ತ್ರಕ್ರಿಯೆಯನ್ನು ಪಶುವೈದ್ಯರು ಮೃದು ಅಂಗಾಂಶ ಶಸ್ತ್ರಚಿಕಿತ್ಸೆ ಎನ್ನುತ್ತಾರೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ಪಶುವೈದ್ಯವೆಂದರೆ ಬಹುಕಾಲ ದನದ ವೈದ್ಯವೇ ಆಗಿತ್ತು. ಸರಕಾರಿ ಪಶು ಆಸ್ಪತ್ರೆಗೆ ಜನರ ಬಾಯಲ್ಲಿ ಇಂದಿಗೂ ದನದ ದವಾಖಾನೆಯೆಂದೇ ಹೆಸರು. ಆದ್ದರಿಂದ ಈ ಭಾಗದಲ್ಲಿ ನಾಯಿ ಬೆಕ್ಕುಗಳ ಶಸ್ತ್ರಚಿಕಿತ್ಸೆ ಬೆಳೆದ ಕಥೆಯೆಂದರೆ, ಎತ್ತು ಎಮ್ಮೆಗಳಿಗಾಗಿ ಕಟ್ಟಿದ ವ್ಯವಸ್ಥೆಯೊಂದು ಸಣ್ಣ ಪ್ರಾಣಿಯ ಮೈಗೆ ತನ್ನ ಕೈಯನ್ನು ಹದಗೊಳಿಸಿಕೊಂಡ ಕಥೆ.

ಇದೇ ಸೀಮೆಯಲ್ಲಿ ವರದಾ ನದಿ ತುಂಗಭದ್ರೆಯನ್ನು ಕೂಡುವ ಗಳಗನಾಥದಲ್ಲಿ ಗಳಗೇಶ್ವರ ಗುಡಿ ಎದ್ದದ್ದು ಕಲ್ಯಾಣ ಚಾಲುಕ್ಯರ ಕಾಲದಲ್ಲಿ, ಮತ್ತು ಅದೇ ವಂಶದ ರಾಜಕುಮಾರ ಕೀರ್ತಿವರ್ಮನೇ ಕನ್ನಡದಲ್ಲಿ ‘ಗೋವೈದ್ಯ’ವನ್ನು ಬರೆದವನು; ಔಷಧಿಯ ಜೊತೆ ಮಂತ್ರವೂ ಬೆರೆತಿರುವ ಆ ಗ್ರಂಥದ ಕಾಳಜಿ ಹೆಸರೇ ಹೇಳುವಂತೆ ಗೋವಿನದು. ನಾಯಿಯನ್ನು ಕನ್ನಡ ನಾಡು ಕಡೆಗಣಿಸಿತ್ತೆಂದು ಇದರ ಅರ್ಥವಲ್ಲ. 10ನೆಯ ಶತಮಾನದ ಆತಕೂರು ಶಾಸನ ಕಾಳಿಯೆಂಬ ಬೇಟೆನಾಯಿ ಹಂದಿಯೊಡನೆ ಹೋರಾಡಿ ಸತ್ತದ್ದನ್ನು ವೀರಗಲ್ಲಿನ ಮೇಲೆ ಉಳಿಸಿದೆ. ಅಂಥ ನಾಯಿಗೆ ಕಲ್ಲು ನಿಲ್ಲಿಸುವಷ್ಟು ಪ್ರೀತಿ ಇತ್ತು, ಕೋರೆಯಿಂದ ಸೀಳಿದ ಹೊಟ್ಟೆಯನ್ನು ಹೊಲಿದು ಬದುಕಿಸುವ ಉಪಾಯ ಮಾತ್ರ ಇರಲಿಲ್ಲ. ಒಕ್ಕಲಿಗರಿಗೆ ಚೆನ್ನಾಗಿ ತಿಳಿದಿದ್ದ ಶಸ್ತ್ರಕ್ರಿಯೆಯೆಂದರೆ ಹೋರಿಯನ್ನು ಹಗ್ಗದಿಂದ ಕೆಡವಿ, ಅರಿವಳಿಕೆಯಿಲ್ಲದೆ, ಬೀಜ ಒಡೆಯುವುದು.

ಆಧುನಿಕ ಪಶುವೈದ್ಯ ಶಿಕ್ಷಣ 1761ರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ಆರಂಭವಾಗಿ, 1886ರಲ್ಲಿ ಮುಂಬಯಿಗೆ ಬಂತು. 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದ ಧಾರವಾಡ ಜಿಲ್ಲೆಗೆ, ಹಾಗಾಗಿ ಅದರೊಳಗಿದ್ದ ಹಾವೇರಿ ಸೀಮೆಗೆ, ಸಹಜವಾದ ವಿದ್ಯಾಕೇಂದ್ರ ಅದೇ ಆಗಿತ್ತು. ಅಷ್ಟರಲ್ಲಿ ಈಥರ್ (1846) ನೋವಿಲ್ಲದ ನಿದ್ದೆಯನ್ನೂ, ಶಸ್ತ್ರವೈದ್ಯ ಲಿಸ್ಟರರ ಕಾರ್ಬಾಲಿಕ್ ಆಮ್ಲದ ಪದ್ಧತಿ (1867) ಕೀವಾಗದ ಗಾಯವನ್ನೂ ಸಾಧ್ಯವಾಗಿಸಿದ್ದವು. ಇವುಗಳ ಫಲ ಮೊದಲು ಸಂದದ್ದು ಮನುಷ್ಯರಿಗೆ, ಅನಂತರ ಸೇನೆಯ ಕುದುರೆಗಳಿಗೆ ಮತ್ತು ದನಗಳಿಗೆ. ನಾಯಿಯ ಪಾಲು ಕಡೆಯದಾದರೂ ಋಣದ ಲೆಕ್ಕ ಬೇರೆಯೇ ಇದೆ: ಕರುಳಿನ ಗೋಡೆಯ ನಾಲ್ಕು ಪದರಗಳಲ್ಲಿ ಒಳಪೊರೆಯ ಕೆಳಗಿನ ಗಟ್ಟಿ ಪದರವೇ ಹೊಲಿಗೆಯನ್ನು ಹಿಡಿದಿಡುತ್ತದೆಂದು ಅಮೆರಿಕದ ಶಸ್ತ್ರವೈದ್ಯ ಹಾಲ್‌ಸ್ಟೆಡ್ 1887ರಲ್ಲಿ ತೋರಿಸಿದ್ದು ನಾಯಿಗಳ ಮೇಲಿನ ಪ್ರಯೋಗಗಳಿಂದ. ಅಂಗಾಂಶವನ್ನು ಮೆದುವಾಗಿ ಹಿಡಿಯುವುದು, ರಕ್ತ ನಿಲ್ಲಿಸುವುದು, ಹೊಲಿಗೆಯನ್ನು ಬಿಗಿದು ಎಳೆಯದಿರುವುದು ಎಂಬ ಅವರ ಸೂತ್ರಗಳನ್ನು ಪಶುವೈದ್ಯ ವಿದ್ಯಾರ್ಥಿ ಇಂದಿಗೂ ಕಲಿಯುತ್ತಾನೆ.

ಈ ಶಾಖೆಯ ಗತಿಯನ್ನು ನಿಜವಾಗಿ ಬದಲಿಸಿದ್ದು ಕತ್ತಿಯಲ್ಲ, ಅರಿವಳಿಕೆ. 1930ರ ದಶಕದಲ್ಲಿ ಬಳಕೆಗೆ ಬಂದ ಥಯೋಪೆಂಟೋನ್ ರಕ್ತನಾಳದ ಮೂಲಕ ಕ್ಷಣದಲ್ಲಿ ನಿದ್ದೆ ತರುತ್ತಿತ್ತು. ಆದರೆ ಮುಧೋಳದಂಥ ಬೇಟೆನಾಯಿ ತಳಿಗಳಲ್ಲಿ ಮೈಕೊಬ್ಬು ತೀರಾ ಕಡಿಮೆಯಿದ್ದು, ಯಕೃತ್ತು ಆ ಔಷಧವನ್ನು ನಿಧಾನವಾಗಿ ಕರಗಿಸುವುದರಿಂದ, ಅವು ಗಂಟೆಗಟ್ಟಲೆ ಏಳದೆ ಮಲಗಿಬಿಡುತ್ತವೆ. 1962ರಲ್ಲಿ ರೂಪುಗೊಂಡ ಕ್ಸೈಲಜಿನ್ ಮತ್ತು ಕೀಟಮಿನ್‌ಗಳ ಜೋಡಿ ದುಬಾರಿ ಯಂತ್ರವಿಲ್ಲದ ಸಣ್ಣ ದವಾಖಾನೆಗೂ ಶಸ್ತ್ರಕ್ರಿಯೆಯನ್ನು ತಂದಿತು. ಐಸೋಫ್ಲುರೇನ್ ಅನಿಲದ ಅರಿವಳಿಕೆ ಇವೆರಡಕ್ಕಿಂತ ಸುರಕ್ಷಿತ. ಅದು ದೊಡ್ಡ ಊರುಗಳ ಮತ್ತು ಕಾಲೇಜುಗಳ ಸೊತ್ತಾಗಿ ಉಳಿದಿರುವುದು ಈ ಕ್ಷೇತ್ರದ ದೊಡ್ಡ ಕೊರತೆ.

ಹಾವೇರಿ ಜಿಲ್ಲೆ ಗೋವಿನಜೋಳದ ಸೀಮೆಯಾದ್ದರಿಂದ ಒಂದು ಶಸ್ತ್ರಕ್ರಿಯೆಯನ್ನು ಹತ್ತಿರದಿಂದ ನೋಡುವುದು ಉಚಿತ. ಕಾಳು ಬಿಡಿಸಿದ ತೆನೆಯ ದಿಂಡನ್ನು ನಾಯಿ ನುಂಗಿದರೆ ಅದು ಜಠರದಲ್ಲಿ ಕರಗದೆ ಸಣ್ಣ ಕರುಳಿನಲ್ಲಿ ಬೆಣೆಯಂತೆ ಸಿಕ್ಕಿಕೊಳ್ಳುತ್ತದೆ. ನಾಯಿ ಕುಡಿದ ನೀರನ್ನೂ ಕಾರುತ್ತದೆ, ಬೆನ್ನು ಬಾಗಿಸಿ ನಿಲ್ಲುತ್ತದೆ. ವೈದ್ಯರು ಹೊಟ್ಟೆಯ ನಡುವಿನ ಬಿಳಿ ಗೆರೆಯಲ್ಲಿ, ಅಂದರೆ ಎರಡೂ ಬದಿಯ ಸ್ನಾಯುಗಳು ಕೂಡುವ ರಕ್ತ ಕಡಿಮೆಯಿರುವ ಜಾಗದಲ್ಲಿ, ಕೊಯ್ದು ಕರುಳನ್ನು ಹೊರಗೆಳೆದು ಬೆಚ್ಚಗಿನ ಸಲೈನಿನಲ್ಲಿ ತೋಯಿಸಿದ ಬಟ್ಟೆಯ ಮೇಲೆ ಇಡುತ್ತಾರೆ. ದಿಂಡಿನ ನೇರ ಮೇಲೆ ಗೋಡೆ ಜರ್ಜರಿತವಾಗಿರುತ್ತದೆ. ಆದಕಾರಣ ಅದರ ಮುಂದಿನ ಆರೋಗ್ಯವಂತ ಭಾಗದಲ್ಲಿ ಸಣ್ಣ ಗಾಯ ಮಾಡಿ ದಿಂಡನ್ನು ಮೆಲ್ಲನೆ ಅತ್ತ ಸರಿಸಿ ತೆಗೆಯುತ್ತಾರೆ. ಕರುಳು ಕಪ್ಪಾಗಿದ್ದರೆ ಅಷ್ಟು ತುಂಡನ್ನೇ ಕತ್ತರಿಸಿ ತುದಿಗಳನ್ನು ಕೂಡಿಸಬೇಕಾಗುತ್ತದೆ. ಹಿಂದೆ ಇಲ್ಲಿ ಬಳಸುತ್ತಿದ್ದದ್ದು ಕುರಿಯ ಅಥವಾ ದನದ ಕರುಳಿನಿಂದಲೇ ತಯಾರಾದ ಕ್ಯಾಟ್‌ಗಟ್ ದಾರ; ಅದು ಎಂದು ಕರಗುತ್ತದೆಂದು ನೆಚ್ಚುವಂತಿರಲಿಲ್ಲ. 1970ರ ದಶಕದಿಂದ ಬಂದ ಕೃತಕ ದಾರಗಳು ಗಾಯ ಕೂಡುವವರೆಗೆ ಬಲ ಉಳಿಸಿಕೊಂಡು ಅನಂತರ ಕರಗುತ್ತವೆ. ಕೊನೆಗೆ ಹೊಟ್ಟೆಯೊಳಗಿನ ಕೊಬ್ಬಿನ ಜಾಲರಿಯಾದ ವಪೆಯನ್ನು ಹೊಲಿಗೆಯ ಮೇಲೆ ಹೊದಿಸುತ್ತಾರೆ. ಅದು ಸಣ್ಣ ಸೋರಿಕೆಯನ್ನು ತಾನೇ ಮುಚ್ಚುವ ಗುಣವುಳ್ಳದ್ದು.

ಸಂಖ್ಯೆಯಲ್ಲಿ ಮುಂದಿರುವುದು ಸಂತಾನಹರಣ. 2001ರ ನಾಯಿಗಳ ಜನನ ನಿಯಂತ್ರಣ ನಿಯಮಗಳು, ಅವುಗಳ ಜಾಗಕ್ಕೆ ಬಂದ 2023ರ ನಿಯಮಗಳು ಬೀದಿನಾಯಿಗಳ ಈ ಶಸ್ತ್ರಕ್ರಿಯೆಯನ್ನು ಸ್ಥಳೀಯ ಸಂಸ್ಥೆಗಳ ಹೊಣೆಯಾಗಿಸಿದವು. ಮನೆಯ ಹೆಣ್ಣುನಾಯಿಗೆ ಇದರಿಂದಾಗುವ ದೊಡ್ಡ ಲಾಭವೆಂದರೆ ಪಯೋಮೆಟ್ರಾ, ಅಂದರೆ ಗರ್ಭಕೋಶದಲ್ಲಿ ಕೀವು ತುಂಬಿ ಪ್ರಾಣ ತೆಗೆಯುವ ರೋಗ, ತಪ್ಪುವುದು. ಮೊದಲ ಬೆದೆಗೆ ಮುನ್ನ ಮಾಡಿಸಿದರೆ ಕೆಚ್ಚಲಿನ ಗೆಡ್ಡೆಯ ಸಂಭವ, ಮಾಡಿಸದ ನಾಯಿಗಳಿಗೆ ಹೋಲಿಸಿದರೆ, ಶೇ. 0.5ಕ್ಕೆ ಇಳಿಯುತ್ತದೆಂಬ 1969ರ ಅಮೆರಿಕದ ಅಧ್ಯಯನವನ್ನು ಪಠ್ಯಗಳು ಉಲ್ಲೇಖಿಸುತ್ತ ಬಂದಿವೆ. 2012ರ ಮರುಪರಿಶೀಲನೆಯೊಂದು ಅದರ ಆಧಾರ ದುರ್ಬಲವೆಂದಿತು. ಕತ್ತಿ ಹಿಂದೆ ಸರಿದದ್ದೂ ಬೆಳವಣಿಗೆಯೇ: ಬೀದಿನಾಯಿಗಳಲ್ಲಿ ಕೂಡುವಿಕೆಯಿಂದ ಹರಡುವ ಜನನಾಂಗದ ಗೆಡ್ಡೆಯನ್ನು ಈಗ ವಿನ್‌ಕ್ರಿಸ್ಟಿನ್ ಚುಚ್ಚುಮದ್ದಿನಿಂದಲೇ ಕರಗಿಸುತ್ತಾರೆ.

1958ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ, 1985ರಲ್ಲಿ ಬೀದರಿನಲ್ಲಿ, ಆಮೇಲೆ ಶಿವಮೊಗ್ಗ ಮತ್ತು ಗದಗದಲ್ಲಿ ಕಾಲೇಜುಗಳು ಬಂದದ್ದರಿಂದ ಹಾವೇರಿಯವರಿಗೆ ಪರಿಣತರ ದಾರಿ ಬಹಳ ಹತ್ತಿರವಾಯಿತು. 1962 ಸಂಖ್ಯೆಗೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಬರುವ ವ್ಯವಸ್ಥೆಯೂ ಇದೆ. ಆದರೆ ಕರುಳಿನ ಹೊಲಿಗೆ ಸೋರುವ ಅಪಾಯ ಹೆಚ್ಚಿರುವುದು ಮೂರರಿಂದ ಐದನೆಯ ದಿನಗಳಲ್ಲಿ, ನಾಯಿ ಆಗ ದವಾಖಾನೆಯಲ್ಲಿರದೆ ಹಳ್ಳಿಯ ಪಡಸಾಲೆಯಲ್ಲಿ ಮಲಗಿರುತ್ತದೆ. ಅನ್ನ ಮುಟ್ಟದಿರುವುದು, ಮತ್ತೆ ಕಾರುವುದು, ಹೊಟ್ಟೆ ಮುಟ್ಟಿದರೆ ನರಳುವುದು ಎಂಬ ಗುರುತುಗಳನ್ನು ಮನೆಯವರಿಗೆ ಅವರ ಮಾತಿನಲ್ಲಿ ಬರೆದುಕೊಡುವುದನ್ನೂ ಶಸ್ತ್ರಚಿಕಿತ್ಸೆಯ ಭಾಗವೆಂದೇ ಎಣಿಸಬೇಕಾಗಿದೆ.