ವಾಲ್ಟರ್ ಪೇಟನ್

ಪೇಟನ್, ವಾಲ್ಟರ್ (1953–1999): ಅಮೆರಿಕನ್ ಫುಟ್‌ಬಾಲ್ ಆಟಗಾರ. ನ್ಯಾಷನಲ್ ಫುಟ್‌ಬಾಲ್ ಲೀಗಿನ ಶಿಕಾಗೊ ಬೇರ್ಸ್ ತಂಡದಲ್ಲಿ 1975ರಿಂದ 1987ರವರೆಗೆ 13 ಋತುಗಳ ಕಾಲ ರನ್ನಿಂಗ್ ಬ್ಯಾಕ್ ಆಗಿದ್ದ. ಚೆಂಡು ಹಿಡಿದು ಓಡಿ ಒಟ್ಟು 16,726 ಗಜ ಗಳಿಸಿದ. ನಿವೃತ್ತನಾದಾಗ ಅದು ಲೀಗಿನ ದಾಖಲೆಯಾಗಿತ್ತು.

ಈ ಆಟದಲ್ಲಿ ಹತ್ತು ಗಜ ಮುಂದೆ ಸಾಗಲು ತಂಡಕ್ಕೆ ನಾಲ್ಕು ಯತ್ನಗಳು ಸಿಗುತ್ತವೆ. ಚೆಂಡನ್ನು ಎಸೆದು ಮುಂದಕ್ಕೆ ಒಯ್ಯಬಹುದು, ಇಲ್ಲವೇ ಒಬ್ಬನ ಕೈಗಿತ್ತು ಓಡಿಸಬಹುದು. ಓಡುವ ಹೊಣೆ ಹೆಚ್ಚಾಗಿ ರನ್ನಿಂಗ್ ಬ್ಯಾಕ್‌ನದು. ಅವನನ್ನು ಕೆಡವಲು ಎದುರಾಳಿಗಳು ಹನ್ನೊಂದು ಮಂದಿ ಕಾದಿರುತ್ತಾರೆ. ಪಂದ್ಯವೊಂದರಲ್ಲಿ ಇಪ್ಪತ್ತು ಮೂವತ್ತು ಸಲ ನೆಲಕ್ಕೆ ಬಿದ್ದೇಳುವ ಈ ಕೆಲಸದಲ್ಲಿ ಮಂಡಿ, ಪಾದದ ಗಂಟುಗಳು ಬೇಗ ಸೋಲುತ್ತವೆ. ಬಹುಪಾಲು ಆಟಗಾರರು ಕೆಲವೇ ವರ್ಷಗಳಲ್ಲಿ ಹೊರಬೀಳುತ್ತಾರೆ. ಪೇಟನ್ 190 ಪಂದ್ಯಗಳನ್ನು ಆಡಿದ, ತಪ್ಪಿಸಿಕೊಂಡದ್ದು ಒಂದೇ ಒಂದನ್ನು. ಅದೂ ಮೊದಲ ವರ್ಷ, ಕಾಲುನೋವಿನ ಕಾರಣಕ್ಕೆ. ಗಜಗಳ ಲೆಕ್ಕಕ್ಕಿಂತ ಈ ಹಾಜರಿಯೇ ದೊಡ್ಡದೆಂದು ಹೇಳಬೇಕು.

ಮಿಸಿಸಿಪ್ಪಿ ರಾಜ್ಯದ ಕೊಲಂಬಿಯ ಎಂಬ ಸಣ್ಣ ಊರಿನಲ್ಲಿ ಜುಲೈ 25ರಂದು ಹುಟ್ಟಿದ. ಕೆಲವು ದಾಖಲೆಗಳು ಹುಟ್ಟಿದ ವರ್ಷವನ್ನು 1954 ಎನ್ನುತ್ತವೆ. ಶಾಲೆಯಲ್ಲಿ ಮೊದಲು ಹಿಡಿದದ್ದು ಬ್ಯಾಂಡಿನ ಡ್ರಮ್ಮು. ಅಣ್ಣ ಎಡ್ಡಿ ಆಗಲೇ ಶಾಲಾ ತಂಡದ ಹೆಸರಾಂತ ಆಟಗಾರ (ಮುಂದೆ ಆತನೂ ಲೀಗಿನಲ್ಲಿ ಆಡಿದ). ಕಪ್ಪು ಮಕ್ಕಳಿಗೆ ಜೆಫರ್ಸನ್ ಶಾಲೆ, ಬಿಳಿಯರಿಗೆ ಕೊಲಂಬಿಯ ಶಾಲೆ ಎಂದು ಬೇರ್ಪಟ್ಟಿದ್ದ ಊರದು. 1970ರಲ್ಲಿ ಎರಡೂ ಒಂದಾದವು. ಪೇಟನ್ ತನ್ನ ಕೊನೆಯ ಶಾಲಾ ವರ್ಷವನ್ನು ಆಡಿದ್ದು ಆ ಹೊಸ ಮಿಶ್ರ ತಂಡದಲ್ಲಿ. ದಕ್ಷಿಣದ ದೊಡ್ಡ ವಿಶ್ವವಿದ್ಯಾಲಯಗಳು ಆಗಿನ್ನೂ ಕಪ್ಪು ಆಟಗಾರರನ್ನು ಅಪರೂಪಕ್ಕೆ ಸೇರಿಸಿಕೊಳ್ಳುತ್ತಿದ್ದವು. ಈತ ಅಣ್ಣನ ಹಾದಿ ಹಿಡಿದು, ಕಪ್ಪು ಜನರ ಶಿಕ್ಷಣಕ್ಕೆಂದೇ ಬೆಳೆದುಬಂದಿದ್ದ ಜಾಕ್ಸನ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋದ. ಕೋಚ್ ಬಾಬ್ ಹಿಲ್ ಅಲ್ಲಿ ಕಲಿಸಿದ ಪಾಠ ಒಂದೇ: ಬೀಳುವುದು ಖಚಿತವಾದರೂ ಸುಲಭವಾಗಿ ಬೀಳಬೇಡ.

ಪೇಟನ್ನನ ಆಟದ ಶೈಲಿ ಆ ಮಾತಿನಿಂದಲೇ ಬಂತು. ಓಡುವವನು ಪಕ್ಕದ ಗೆರೆ ದಾಟಿ ಅಂಗಳದ ಹೊರಗೆ ಕಾಲಿಟ್ಟರೆ ಆ ಓಟ ಅಲ್ಲಿಗೆ ಮುಗಿಯುತ್ತದೆ, ಏಟೂ ತಪ್ಪುತ್ತದೆ. ಪೇಟನ್ ಹಾಗೆ ಜಾರಿಕೊಳ್ಳಲು ಒಪ್ಪುತ್ತಿರಲಿಲ್ಲ. ಗೆರೆ ಹತ್ತಿರವಾದಾಗಲೂ ಒಳಕ್ಕೆ ತಿರುಗಿ, ಚೆಂಡನ್ನು ಒಂದು ಕಂಕುಳಿಗೆ ಒತ್ತಿ, ಇನ್ನೊಂದು ತೋಳನ್ನು ನೀಳವಾಗಿ ಚಾಚಿ ಹಿಡಿಯಬಂದವನನ್ನೇ ತಳ್ಳುತ್ತಿದ್ದ. ಒಂದು ಗಜವಾದರೂ ಹೆಚ್ಚು ಸಿಗಲೆಂಬುದು ಲೆಕ್ಕ. ಮೊಣಕಾಲು ಬಗ್ಗಿಸದೆ ಕಾಲುಗಳನ್ನು ಮುಂದಕ್ಕೆ ಚಿಮ್ಮಿಸುವ ಅವನ ಓಟ ದೂರದಿಂದಲೇ ಗುರುತು ಸಿಗುತ್ತಿತ್ತು. ಇಷ್ಟು ಗಡುಸಾದ ಆಟಗಾರನಿಗೆ ‘ಸ್ವೀಟ್‌ನೆಸ್’ (ಮಾಧುರ್ಯ) ಎಂಬ ಅಡ್ಡಹೆಸರು. ಟಚ್‌ಡೌನ್ (ಚೆಂಡಿನೊಂದಿಗೆ ಎದುರಾಳಿಯ ಗೋಲು ಗೆರೆ ದಾಟುವುದು) ಗಳಿಸಿದ ಮೇಲೆ ಕುಣಿಯುವ ಬದಲು, ತನಗೆ ದಾರಿ ಮಾಡಿಕೊಟ್ಟ ಜೊತೆಗಾರನ ಕೈಗೆ ಚೆಂಡು ಕೊಡುತ್ತಿದ್ದ. ತಾನು ಓಡದ ಸರದಿಯಲ್ಲಿ ಇತರರಿಗಾಗಿ ಎದುರಾಳಿಯನ್ನು ತಡೆಯುವುದರಲ್ಲೂ ಅದೇ ಶ್ರದ್ಧೆ. ಬಿಡುವಿನ ತಿಂಗಳುಗಳಲ್ಲಿ ಊರಿನ ಪರ್ಲ್ ನದಿಯ ಮರಳ ದಂಡೆಯಲ್ಲಿ, ಮುಂದೆ ಶಿಕಾಗೊ ಬಳಿಯ ಕಡಿದಾದ ದಿಬ್ಬವೊಂದರಲ್ಲಿ ಓಡಿ ಕಾಲು ಗಟ್ಟಿ ಮಾಡಿಕೊಂಡ. ಜೊತೆಗೆ ಓಡಲು ಬಂದ ಬೇರೆ ಆಟಗಾರರು ಅರ್ಧದಲ್ಲೇ ಸುಸ್ತಾಗುತ್ತಿದ್ದರು.

ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟಿನಲ್ಲಿ, 1975ರಲ್ಲಿ, ಬೇರ್ಸ್ ತಂಡ ಈತನನ್ನು ನಾಲ್ಕನೆಯವನಾಗಿ ಆರಿಸಿಕೊಂಡಿತು. ಮೊದಲ ಪಂದ್ಯದಲ್ಲಿ ಎಂಟು ಸಲ ಓಡಿ ಗಳಿಸಿದ್ದು ಸೊನ್ನೆ ಗಜ. ಎರಡೇ ವರ್ಷದಲ್ಲಿ ಚಿತ್ರ ಬದಲಾಯಿತು. 1977ರಲ್ಲಿ 1,852 ಗಜ ಗಳಿಸಿ ಲೀಗಿನ ಅತ್ಯಮೂಲ್ಯ ಆಟಗಾರನಾದ. ಆ ವರ್ಷದ ನವೆಂಬರ್ 20ರಂದು ಮಿನ್ನೆಸೋಟ ವೈಕಿಂಗ್ಸ್ ವಿರುದ್ಧ, ಫ್ಲೂ ಜ್ವರ ಹೊತ್ತೇ ಅಂಗಳಕ್ಕಿಳಿದು 40 ಓಟಗಳಲ್ಲಿ 275 ಗಜ ಸಾಗಿದ. ಒಂದೇ ಪಂದ್ಯದಲ್ಲಿ ಅಷ್ಟು ದೂರ ಅದುವರೆಗೆ ಯಾರೂ ಓಡಿರಲಿಲ್ಲ. ತಂಡ ಗೆದ್ದದ್ದು 10–7ರಿಂದ. ಆ ವರ್ಷಗಳ ಬೇರ್ಸ್ ಎಂಥ ತಂಡವಾಗಿತ್ತೆಂಬುದು ಈ ಅಂಕದಲ್ಲೇ ಕಾಣುತ್ತದೆ. ಎಸೆತದ ಆಟ ಸೊರಗಿತ್ತು, ಚೆಂಡು ಪೇಟನ್ ಕೈಗೇ ಬರುವುದೆಂದು ಎದುರಾಳಿಗಳಿಗೆ ಮೊದಲೇ ತಿಳಿದಿರುತ್ತಿತ್ತು. ಗೊತ್ತಿದ್ದೂ ತಡೆಯಲಾಗುತ್ತಿರಲಿಲ್ಲ.

1984ರ ಅಕ್ಟೋಬರ್ 7ರಂದು ಶಿಕಾಗೊದ ಸೋಲ್ಜರ್ ಫೀಲ್ಡಿನಲ್ಲಿ ನ್ಯೂ ಆರ್ಲಿಯನ್ಸ್ ಸೇಂಟ್ಸ್ ವಿರುದ್ಧ ಆಡುತ್ತ ಜಿಮ್ ಬ್ರೌನ್‌ನ ಒಟ್ಟು 12,312 ಗಜಗಳ ಓಟದ ದಾಖಲೆ ಮುರಿದ. ಬ್ರೌನ್ ಅಷ್ಟನ್ನು ಗಳಿಸಿದ್ದು ಒಂಬತ್ತೇ ಋತುಗಳಲ್ಲಿ ಎಂಬುದನ್ನೂ ಇಲ್ಲಿ ಹೇಳುವುದು ನ್ಯಾಯ.

ಮೈಕ್ ಡಿಟ್ಕ 1982ರಲ್ಲಿ ಕೋಚ್ ಆದ ಮೇಲೆ ತಂಡ ಬಲಗೊಂಡಿತು. 1985ರ ಋತುವಿನಲ್ಲಿ 15 ಪಂದ್ಯ ಗೆದ್ದು ಒಂದರಲ್ಲಿ ಮಾತ್ರ ಸೋತ ಬೇರ್ಸ್, 1986ರ ಜನವರಿ 26ರಂದು ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸನ್ನು 46–10ರಿಂದ ಮಣಿಸಿತು. ಎದುರಾಳಿಗಳ ಗಮನವೆಲ್ಲ ಪೇಟನ್ ಮೇಲಿದ್ದುದರಿಂದ ಉಳಿದವರಿಗೆ ದಾರಿ ತೆರೆಯಿತು. ಅವನಿಗೆ ಮಾತ್ರ ಒಂದು ಟಚ್‌ಡೌನೂ ದಕ್ಕಲಿಲ್ಲ. ಗೋಲು ಗೆರೆಯಿಂದ ಒಂದೇ ಗಜ ದೂರವಿದ್ದಾಗ ಚೆಂಡನ್ನು ಭಾರೀ ಮೈಕಟ್ಟಿನ ವಿಲಿಯಂ ಪೆರಿಗೆ ಕೊಡಲಾಯಿತು. ಹತ್ತು ವರ್ಷ ತಂಡವನ್ನು ಹೊತ್ತವನಿಗೆ ಸಲ್ಲಬೇಕಿದ್ದ ಕ್ಷಣ ಅದು. ಪೇಟನ್ ನೊಂದುಕೊಂಡ. ಡಿಟ್ಕ ಕೂಡ ಮುಂದೆ ಈ ವಿಷಯಕ್ಕೆ ಬಹಿರಂಗವಾಗಿಯೇ ಪರಿತಪಿಸಿದ.

ಕೊನೆಯ ಪಂದ್ಯ 1988ರ ಜನವರಿ 10ರಂದು ವಾಷಿಂಗ್ಟನ್ ವಿರುದ್ಧ ನಡೆಯಿತು. ಬೇರ್ಸ್ 21–17ರಿಂದ ಸೋತಿತು. ಎಲ್ಲರೂ ಹೋದ ಮೇಲೂ ಪೇಟನ್ ಹೆಲ್ಮೆಟ್ ತೊಟ್ಟೇ ಬೆಂಚಿನ ಮೇಲೆ ತಲೆ ತಗ್ಗಿಸಿ ಕುಳಿತಿದ್ದ. ಅವನ 34ನೇ ಸಂಖ್ಯೆಯ ಅಂಗಿಯನ್ನು ತಂಡ ಬೇರಾರಿಗೂ ಕೊಡಲಿಲ್ಲ. 1993ರಲ್ಲಿ ಕ್ಯಾಂಟನ್‌ನ ಹಾಲ್ ಆಫ್ ಫೇಮ್‌ಗೆ ಸೇರಿದಾಗ ಸಭೆಗೆ ಪರಿಚಯಿಸಿದವನು ಮಗ ಜ್ಯಾರೆಟ್.

1999ರ ಫೆಬ್ರವರಿಯಲ್ಲಿ, ಪಿತ್ತನಾಳಗಳು ಕಿರಿದಾಗಿ ಯಕೃತ್ತು ಕೆಡುವ ಅಪರೂಪದ ಕಾಯಿಲೆ ತನಗಿದೆಯೆಂದು ಪತ್ರಿಕಾಗೋಷ್ಠಿಯಲ್ಲಿ ತಿಳಿಸಿದ. ಬದಲಿ ಯಕೃತ್ತಿಗಾಗಿ ಕಾಯಬೇಕಿತ್ತು. ಅಷ್ಟರಲ್ಲಿ ಪಿತ್ತನಾಳದ ಕ್ಯಾನ್ಸರ್ ಕಾಣಿಸಿಕೊಂಡು ಕಸಿಯ ದಾರಿಯೂ ಮುಚ್ಚಿತು. ತನಗೆ ಉಪಯೋಗವಿಲ್ಲವೆಂದು ಗೊತ್ತಾದ ಮೇಲೂ ಅಂಗದಾನದ ಪರವಾದ ಪ್ರಚಾರಕ್ಕೆ ತನ್ನ ಹೆಸರನ್ನು ಕೊಟ್ಟ. ನವೆಂಬರ್ 1ರಂದು ತೀರಿಕೊಂಡ.

ಓಟದ ದಾಖಲೆಯನ್ನು 2002ರ ಅಕ್ಟೋಬರ್ 27ರಂದು ಡಲ್ಲಾಸ್ ಕೌಬಾಯ್ಸ್‌ನ ಎಮಿಟ್ ಸ್ಮಿತ್ ಮುರಿದ. ಅಂಗಳದ ಆಟಕ್ಕೂ ಹೊರಗಿನ ಸಮಾಜಸೇವೆಗೂ ಸೇರಿ ಲೀಗು ಪ್ರತಿವರ್ಷ ಕೊಡುವ ಗೌರವವನ್ನು ಪೇಟನ್ 1977ರಲ್ಲಿ ಪಡೆದಿದ್ದ. 1999ರಿಂದ ಅದಕ್ಕೆ ವಾಲ್ಟರ್ ಪೇಟನ್ ಪ್ರಶಸ್ತಿಯೆಂದೇ ಹೆಸರು, ಗೆದ್ದವರು ಮುಂದಿನ ಋತುಗಳಲ್ಲಿ ಅದರ ಲಾಂಛನವನ್ನು ಅಂಗಿಯ ಮೇಲೆ ಧರಿಸಿ ಆಡುತ್ತಾರೆ.