ಕೆಟ್ಟಿದ್ದು ಯಂತ್ರವೋ, ಕರೆಂಟೋ? ಮನೆ ಮೈನಿಂಗ್‌ನ ದುರಸ್ತಿ ವಿದ್ಯೆ ಮತ್ತು ಮಲೆನಾಡು

ಬಿಟ್‌ಕಾಯಿನ್‌ನ ಮೊದಲ ಬ್ಲಾಕ್ ಹುಟ್ಟಿದ್ದು 2009ರ ಜನವರಿ 3ರಂದು. ಜಾಲದಲ್ಲಿ ನಡೆದ ವಹಿವಾಟುಗಳನ್ನು ಒಂದು ಕಂತೆ ಕಟ್ಟಿ, ನಿಗದಿತ ಮಿತಿಗಿಂತ ಚಿಕ್ಕ ಸಂಖ್ಯೆಯೊಂದು ಸಿಗುವ ತನಕ ಅದೇ ಲೆಕ್ಕವನ್ನು ಚೂರು ಚೂರು ಬದಲಿಸಿ ಮತ್ತೆ ಮತ್ತೆ ಮಾಡುವುದೇ ಮೈನಿಂಗ್. ಮೊದಲು ಸಂಖ್ಯೆ ಹಿಡಿದವರಿಗೆ ಹೊಸ ನಾಣ್ಯ ಸಿಗುತ್ತದೆ. ಆರಂಭದಲ್ಲಿ ಮನೆಯ ಮಾಮೂಲಿ ಕಂಪ್ಯೂಟರ್‌ಗೆ ನಿಲುಕುತ್ತಿದ್ದ ಈ ಕೆಲಸ ನಾಲ್ಕೇ ವರ್ಷಗಳಲ್ಲಿ ಗ್ರಾಫಿಕ್ಸ್ ಕಾರ್ಡಿಗೆ, ಅಲ್ಲಿಂದ ಇದಕ್ಕೆಂದೇ ಮಾಡಿದ ಚಿಪ್‌ಗಳಿಗೆ ಹೋಯಿತು. ಯಂತ್ರ ಬದಲಾದಂತೆ ಅದರ ಕಾಯಿಲೆಗಳೂ ಬದಲಾದವು, ಕಾಯಿಲೆ ಹುಡುಕುವ ವಿಧಾನವೂ ಬದಲಾಯಿತು. ಈ ಬದಲಾವಣೆಗೆ ಒಂದು ದಿಕ್ಕಿದೆ ಎಂಬುದೇ ಇಲ್ಲಿನ ವಾದ. ಪ್ರತಿ ಹಂತದಲ್ಲೂ ದೋಷದ ಮೂಲ ಯಂತ್ರದ ಒಳಗಿನಿಂದ ಹೊರಗೆ ಸರಿದಿದೆ: ತಂತ್ರಾಂಶದಿಂದ ಕಾರ್ಡಿಗೆ, ಕಾರ್ಡಿನಿಂದ ಪವರ್ ಸಪ್ಲೈಗೆ, ಅಲ್ಲಿಂದ ಮನೆಯ ವೈರಿಂಗಿಗೆ, ಊರಿನ ಟ್ರಾನ್ಸ್‌ಫಾರ್ಮರ್‌ಗೆ, ಗಾಳಿಯ ತೇವಕ್ಕೆ, ಕಡೆಗೆ ಖರ್ಚು-ವೆಚ್ಚದ ಲೆಕ್ಕಕ್ಕೆ. ಮಲೆನಾಡಿನ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ನಿಂತು ನೋಡಿದರೆ ಈ ದಿಕ್ಕು ಇನ್ನೂ ನಿಚ್ಚಳವಾಗಿ ಕಾಣುತ್ತದೆ.

ಮೊದಲ ಹಂತದಲ್ಲಿ ತೊಂದರೆಗಳೆಲ್ಲ ತಂತ್ರಾಂಶದವು. 2010ರಲ್ಲಿ ಗ್ರಾಫಿಕ್ಸ್ ಕಾರ್ಡ್ ಬಳಸಿ ಮೈನಿಂಗ್ ಶುರುವಾದಾಗ ಎಎಂಡಿಯ ರೇಡಿಯಾನ್ 5870ರಂಥ ಕಾರ್ಡ್‌ಗಳು ಮುಂದಿದ್ದವು, ಏಕೆಂದರೆ ಈ ಲೆಕ್ಕಕ್ಕೆ ಬೇಕಾದ ಪೂರ್ಣಾಂಕದ ಕೆಲಸವನ್ನು ಅವು ಎನ್‌ವಿಡಿಯಾ ಕಾರ್ಡ್‌ಗಳಿಗಿಂತ ಚುರುಕಾಗಿ ಮಾಡುತ್ತಿದ್ದವು. ಡ್ರೈವರ್‌ನ ಒಂದು ಆವೃತ್ತಿಯಲ್ಲಿ ಓಡಿದ ಕಾರ್ಡ್ ಇನ್ನೊಂದರಲ್ಲಿ ಓಡುತ್ತಿರಲಿಲ್ಲ. ಅದೇ ವರ್ಷದ ಕೊನೆಗೆ ಪ್ರಾಗ್‌ನಲ್ಲಿ ಮೊದಲ ಮೈನಿಂಗ್ ಪೂಲ್ ಹುಟ್ಟಿತು. ಸಾವಿರಾರು ಜನ ಸೇರಿ ದುಡಿದು, ದುಡಿದಷ್ಟು ಪಾಲು ಪಡೆಯುವ ಏರ್ಪಾಡು ಅದು. 2011ರಲ್ಲಿ ಆಸ್ಟ್ರೇಲಿಯಾದ ಅರಿವಳಿಕೆ ವೈದ್ಯ ಕಾನ್ ಕೊಲಿವಾಸ್ ಬರೆದ ಸಿಜಿಮೈನರ್ ಎಂಬ ತಂತ್ರಾಂಶ ದುರಸ್ತಿಗೆ ಒಂದು ಭಾಷೆಯನ್ನೇ ಕೊಟ್ಟಿತು. ಪೂಲ್ ಒಪ್ಪಿಕೊಂಡ ಉತ್ತರಗಳೆಷ್ಟು, ತಿರಸ್ಕರಿಸಿದ್ದೆಷ್ಟು, ಯಂತ್ರವೇ ತಪ್ಪು ಮಾಡಿದ್ದೆಷ್ಟು ಎಂಬ ಮೂರು ಎಣಿಕೆ ಒಂದೇ ಪರದೆಯ ಮೇಲೆ ಬಂದವು. ಹಾರ್ಡ್‌ವೇರ್ ತಪ್ಪು ಏರುತ್ತಿದ್ದರೆ ಕಾರ್ಡಿನ ವೇಗ ಇಳಿಸಬೇಕು ಅಥವಾ ತಂಪು ಮಾಡಬೇಕು. ತಡವಾಗಿ ತಲುಪಿ ತಿರಸ್ಕೃತವಾಗುವ ಉತ್ತರ ಹೆಚ್ಚಿದ್ದರೆ ನೆಟ್‌ವರ್ಕ್ ನೋಡಬೇಕು. ಇವೆರಡನ್ನು ಬೇರ್ಪಡಿಸಿ ಓದುವುದು ಇಂದಿಗೂ ಈ ವಿದ್ಯೆಯ ಮೊದಲ ಪಾಠ.

ಎರಡನೇ ಹಂತ 2015ರ ಜುಲೈ 30ರಂದು ಇಥೀರಿಯಮ್ ಜಾಲ ಶುರುವಾದಾಗಿನಿಂದ 2022ರ ಸೆಪ್ಟೆಂಬರ್ 15ರಂದು ಅದು ಮೈನಿಂಗನ್ನೇ ಕೈಬಿಡುವ ತನಕ ನಡೆಯಿತು. ಮನೆಯಲ್ಲಿ ಅಲ್ಯೂಮಿನಿಯಂ ಚೌಕಟ್ಟಿಗೆ ಆರೆಂಟು ಗ್ರಾಫಿಕ್ಸ್ ಕಾರ್ಡ್ ತೂಗುಹಾಕಿ ಓಡಿಸುವ ಪದ್ಧತಿ ಬೆಳೆದದ್ದು ಆಗ. ಈ ಕಾಲದ ಎರಡು ದೋಷಗಳನ್ನು ಹತ್ತಿರದಿಂದ ನೋಡಬೇಕು. ಮೊದಲನೆಯದು ರೈಸರ್. ಮದರ್‌ಬೋರ್ಡಿನ ಚಿಕ್ಕ ಸ್ಲಾಟ್‌ನಿಂದ ದೂರದ ಕಾರ್ಡಿಗೆ ಸಂಪರ್ಕ ಕೊಡುವ ಈ ಪುಟ್ಟ ಪಟ್ಟಿಗೆ ಬಹಳ ಮಂದಿ ಹಾರ್ಡ್‌ಡಿಸ್ಕ್‌ಗೆಂದು ಇರುವ ಸಾಟಾ ಕನೆಕ್ಟರ್‌ನಿಂದ ಕರೆಂಟ್ ಕೊಟ್ಟರು. ಆ ಕನೆಕ್ಟರ್‌ನ 12 ವೋಲ್ಟ್ ಪಿನ್‌ಗಳು ತಾಳುವುದು 54 ವ್ಯಾಟ್. ಕಾರ್ಡ್ ಸ್ಲಾಟ್‌ನಿಂದ ಎಳೆಯಬಹುದಾದದ್ದು 75 ವ್ಯಾಟ್. ಪರದೆಯ ಮೇಲೆ ಕಾಣುತ್ತಿದ್ದುದು 'ಕಾರ್ಡ್ ಸಿಗುತ್ತಿಲ್ಲ' ಎಂಬ ಸಂದೇಶ ಮಾತ್ರ. ನಿಜದಲ್ಲಿ ಕಪ್ಪಾಗಿ ಕರಗುತ್ತಿದ್ದುದು ಕನೆಕ್ಟರ್‌ನ ಪ್ಲಾಸ್ಟಿಕ್. ಎರಡನೆಯದು ಮೆಮೊರಿ. ಇಥೀರಿಯಮ್ ಲೆಕ್ಕಕ್ಕೆ ಕಾರ್ಡಿನ ಮೆಮೊರಿಯಲ್ಲಿ ಒಂದು ದೊಡ್ಡ ಕೋಷ್ಟಕ ಇರಬೇಕಿತ್ತು. 1 ಜಿಬಿಯಿಂದ ಶುರುವಾದ ಅದು ಪ್ರತಿ 30,000 ಬ್ಲಾಕ್‌ಗೆ ಸುಮಾರು 8 ಎಂಬಿ ಬೆಳೆಯುತ್ತ ಹೋಗಿ, 2020ರ ಕೊನೆಯ ಹೊತ್ತಿಗೆ 4 ಜಿಬಿ ಕಾರ್ಡ್‌ಗಳಲ್ಲಿ ಹಿಡಿಸದಾಯಿತು. ನಿನ್ನೆ ಓಡಿದ ಕಾರ್ಡ್ ಇಂದು ನಿಂತಿತು, ಆದರೆ ಅದರಲ್ಲಿ ಏನೂ ಕೆಟ್ಟಿರಲಿಲ್ಲ. ಡ್ರೈವರ್ ಬದಲಿಸಿ, ವಿಂಡೋಸ್ ಮರುಸ್ಥಾಪಿಸಿ ದಿನಗಟ್ಟಲೆ ಹೆಣಗಿದವರಿಗೆ ಅರ್ಥವಾಗಬೇಕಿದ್ದುದು ಇಷ್ಟೇ: ಯಂತ್ರ ಸರಿಯಾಗಿದೆ, ಜಾಲವೇ ಅದನ್ನು ದಾಟಿ ಹೋಗಿದೆ.

ಬಿಟ್‌ಕಾಯಿನ್ ಕಡೆಯಲ್ಲಿ 2013ರ ಆರಂಭಕ್ಕೇ ಮೈನಿಂಗ್‌ಗೆಂದೇ ಮಾಡಿದ ಏಸಿಕ್ ಚಿಪ್ ಬಂದಿತ್ತು. 2016ರ ಆಂಟ್‌ಮೈನರ್ ಎಸ್9 ಇವುಗಳಲ್ಲಿ ಮನೆಮನೆಗೆ ಹೆಚ್ಚು ಪರಿಚಿತವಾದದ್ದು. ಸುಮಾರು 13.5 ಟೆರಾಹ್ಯಾಶ್ (ಸೆಕೆಂಡಿಗೆ ಮಾಡುವ ಲೆಕ್ಕಗಳ ಅಳತೆ) ವೇಗ, ಸುಮಾರು 1,300 ವ್ಯಾಟ್ ಬಳಕೆ, ಒಳಗೆ ಮೂರು ಹ್ಯಾಶ್‌ಬೋರ್ಡ್, ಒಂದೊಂದರಲ್ಲಿ 63 ಚಿಪ್. ಆದೇಶ ಒಂದು ಚಿಪ್‌ನಿಂದ ಮುಂದಿನ ಚಿಪ್‌ಗೆ ಸರಪಳಿಯಾಗಿ ಸಾಗುವುದರಿಂದ ನಡುವಿನ ಒಂದು ಸತ್ತರೂ ಇಡೀ ಬೋರ್ಡ್ ಮೌನವಾಗಬಹುದು. ಯಂತ್ರದ ಪುಟ ತೆರೆದರೆ ಒಳ್ಳೆಯ ಚಿಪ್‌ಗಳ ಜಾಗದಲ್ಲಿ ಸೊನ್ನೆಗಳ ಸಾಲು, ಕೆಟ್ಟದ್ದರ ಜಾಗದಲ್ಲಿ ಗುಣಿಸು ಗುರುತು ಕಾಣುತ್ತದೆ. ರಿಪೇರಿಯವರು ಮಲ್ಟಿಮೀಟರ್ ಹಿಡಿದು ಸರಪಳಿಯ ನಡುಮಧ್ಯದಲ್ಲಿ ಸಿಗ್ನಲ್ ಇದೆಯೇ ನೋಡುತ್ತಾರೆ. ಇದ್ದರೆ ದೋಷ ಮುಂದಿನ ಅರ್ಧದಲ್ಲಿ, ಇಲ್ಲದಿದ್ದರೆ ಹಿಂದಿನ ಅರ್ಧದಲ್ಲಿ. ಹೀಗೆ ಅರ್ಧರ್ಧ ಕಡಿಯುತ್ತ ಹೋದರೆ ಆರೇಳು ಅಳತೆಯಲ್ಲಿ 63ರ ಪೈಕಿ ತಪ್ಪಿತಸ್ಥ ಚಿಪ್ ಸಿಕ್ಕಿಬೀಳುತ್ತದೆ. ಈ ಹಂತದ ತಂತ್ರಾಂಶ ದೋಷಗಳ ಸ್ವರೂಪವೂ ಬೇರೆ. ಗೊತ್ತುಗುರಿಯಿಲ್ಲದ ಕಡೆಯಿಂದ ಇಳಿಸಿಕೊಂಡ ಫರ್ಮ್‌ವೇರ್ ಗಳಿಕೆಯನ್ನು ಸದ್ದಿಲ್ಲದೆ ಬೇರೆಯವರ ಖಾತೆಗೆ ತಿರುಗಿಸಬಲ್ಲದು. ಯಂತ್ರ ಬಿಸಿಯಾಗಿ ಓಡುತ್ತಿದ್ದೂ ಖಾತೆಗೆ ಏನೂ ಸೇರುತ್ತಿಲ್ಲವಾದರೆ ಮೊದಲು ನೋಡಬೇಕಾದದ್ದು ಪೂಲ್‌ನ ವಿಳಾಸವನ್ನು.

ಇಲ್ಲಿಂದ ಮುಂದೆ ಕಥೆ ಯಂತ್ರದಿಂದ ಹೊರಗೆ ಬರುತ್ತದೆ. ಸಾಗರ ತಾಲ್ಲೂಕಿನಲ್ಲಿ 1948ರಿಂದ ಜೋಗದ ಮಹಾತ್ಮ ಗಾಂಧಿ ವಿದ್ಯುದಾಗಾರವಿದೆ, 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಯಿದೆ. ಆ ನೀರನ್ನು ನಂಬಿದ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್. ವಾರಾಹಿ ಯೋಜನೆಯ ಮಾಣಿ ಅಣೆಕಟ್ಟೆ, ಚಕ್ರಾ ಮತ್ತು ಸಾವೆಹಕ್ಲು ಜಲಾಶಯಗಳು ಹೊಸನಗರದವು. ಇಷ್ಟು ಕರೆಂಟ್ ಹುಟ್ಟುವ ನೆಲದಲ್ಲಿ ಕರೆಂಟಿನ ಚಿಂತೆ ಏಕೆ ಎಂದು ಹೊರಗಿನವರು ಕೇಳಬಹುದು. ಉತ್ಪಾದನೆ ಬೇರೆ, ವಿತರಣೆ ಬೇರೆ. ಹುಟ್ಟಿದ ಕರೆಂಟ್ ದೊಡ್ಡ ಗೋಪುರಗಳ ಮೇಲೆ ರಾಜ್ಯದ ಜಾಲಕ್ಕೆ ಹೋಗುತ್ತದೆ. ಮನೆಗೆ ಬರುವುದು ಕಾಡು, ತೋಟಗಳ ನಡುವೆ ಹಾದ, ವಿತರಣಾ ಕಂಪನಿ ಮೆಸ್ಕಾಂನ ಉದ್ದನೆಯ ಲೈನಿನ ತುದಿಯಿಂದ. ಬೇಸಿಗೆಯಲ್ಲಿ ಅಡಿಕೆ ತೋಟದ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಓಡಿದಾಗ ಲೈನಿನ ತುದಿಯ ಮನೆಯಲ್ಲಿ ವೋಲ್ಟೇಜ್ ಕುಸಿಯುತ್ತದೆ. ಬಲ್ಬು ಮಂಕಾಗಿ ಸುಮ್ಮನಾಗುತ್ತದೆ, ಮೈನಿಂಗ್ ಯಂತ್ರ ಹಾಗಲ್ಲ. ಅದರ ಪವರ್ ಸಪ್ಲೈ ಒಂದೇ ಪ್ರಮಾಣದ ಶಕ್ತಿ ಬೇಡುವುದರಿಂದ ವೋಲ್ಟೇಜ್ ಇಳಿದಷ್ಟೂ ಹೆಚ್ಚು ಆಂಪಿಯರ್ ಎಳೆಯುತ್ತದೆ. 1,300 ವ್ಯಾಟ್‌ನ ಯಂತ್ರ 230 ವೋಲ್ಟ್‌ನಲ್ಲಿ 5.7 ಆಂಪಿಯರ್, 170 ವೋಲ್ಟ್‌ನಲ್ಲಿ 7.6 ಆಂಪಿಯರ್ ಎಳೆಯುತ್ತದೆ. ಮನೆಯ ಸಣ್ಣ ಸಾಕೆಟ್ ತಾಳುವುದು 6 ಆಂಪಿಯರ್. ವೈರಿನಲ್ಲಿ ಹುಟ್ಟುವ ಶಾಖ ಆಂಪಿಯರ್‌ನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದು ಸುಮಾರು 1.8 ಪಟ್ಟಾಗುತ್ತದೆ. 2020ರ ಎಸ್19 ಯಂತ್ರಕ್ಕಾದರೋ 3,250 ವ್ಯಾಟ್ ಬೇಕು. 200 ವೋಲ್ಟ್‌ಗಿಂತ ಕೆಳಗೆ ಅದು ಓಡುವ ಭರವಸೆಯೇ ಇಲ್ಲ. ಸ್ಟೆಬಿಲೈಜರ್ ಹಾಕಿದರಾಯಿತು ಎನ್ನುವವರಿದ್ದಾರೆ. ಅದು ಯಂತ್ರಕ್ಕೆ ಸರಿಯಾದ ವೋಲ್ಟೇಜ್ ಕೊಡುತ್ತದೆ ನಿಜ, ಆದರೆ ಆ ಶಕ್ತಿಯನ್ನೂ ತನ್ನ ನಷ್ಟವನ್ನೂ ಅದೇ ಸೊರಗಿದ ಲೈನಿನಿಂದ ಎಳೆಯುತ್ತದೆ. ಹೀಗೆ ದೋಷ ಯಂತ್ರದಿಂದ ಗೋಡೆಯ ವೈರಿಗೂ ನೆರೆಮನೆಯ ಪಂಪ್‌ಸೆಟ್ಟಿಗೂ ವರ್ಗವಾಗುತ್ತದೆಯೇ ಹೊರತು ನೀಗುವುದಿಲ್ಲ.

ಯಂತ್ರದ ಹೊರಗಿನ ಎರಡನೇ ಕಾರಣ ಮಳೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರ್ ಮೀರಿ ಮಳೆಯಾಗುತ್ತದೆ. ಹೊಸನಗರದ ಹುಲಿಕಲ್ ಅದಕ್ಕೆ ಸರಿಸಾಟಿ. ಆಷಾಢದಲ್ಲಿ ಬಟ್ಟೆ, ಪುಸ್ತಕಗಳಿಗೇ ಬೂಷ್ಟು ಹಿಡಿಯುವ ಮನೆಯಲ್ಲಿ ಸರ್ಕ್ಯೂಟ್ ಬೋರ್ಡ್ ಹೊರತಾಗುವುದಿಲ್ಲ. ಓಡುತ್ತಿರುವ ಯಂತ್ರಕ್ಕೆ ತನ್ನ ಬಿಸಿಯೇ ರಕ್ಷೆ. ಅಪಾಯ ಇರುವುದು ನಿಂತಾಗ. ಮರ ಬಿದ್ದು ಲೈನ್ ಹರಿದು ಎರಡು ದಿನ ಕರೆಂಟ್ ಹೋದರೆ, ಫ್ಯಾನುಗಳು ಅದುವರೆಗೆ ಎಳೆದುಕೊಂಡ ಧೂಳು ತಣ್ಣಗಾದ ಬೋರ್ಡಿನ ಮೇಲೆ ತೇವ ಹೀರಿ ಪಸೆಯಾಗುತ್ತದೆ. ಕರೆಂಟ್ ಬಂದ ಕ್ಷಣದಲ್ಲೇ ಆ ಪಸೆಯ ಮೂಲಕ ಸೋರಿಕೆ ಹರಿದು ಚಿಪ್ ಸುಡುತ್ತದೆ. ಬೋರ್ಡಿನ ಬೆಸುಗೆಯ ಅಂಚಿನಲ್ಲಿ ಹಸಿರು ಕಿಲುಬು ಕಂಡರೆ ಕಾರಣ ಇದೇ. ಆದ್ದರಿಂದ ಕರೆಂಟ್ ಬಂದ ಕೂಡಲೇ ಸ್ವಿಚ್ ಒತ್ತದೆ, ಒಣಗಾಳಿ ಆಡಿಸಿ, ಧೂಳು ತೆಗೆದು, ಆಮೇಲೆ ಓಡಿಸುವುದು ಇಲ್ಲಿನ ಮಟ್ಟಿಗೆ ದುರಸ್ತಿಯ ಅರ್ಧ ಭಾಗ. ಮುಂಗಾರಿನ ಮುಂಚಿನ ಗುಡುಗು-ಸಿಡಿಲಿನದು ಬೇರೆಯೇ ಪಾಡು. ಸಿಡಿಲಿನ ಹೊಡೆತ ಕರೆಂಟ್ ತಂತಿಯಿಂದ ಮಾತ್ರವಲ್ಲ, ದೂರವಾಣಿಯ ತಾಮ್ರದ ತಂತಿಯಿಂದಲೂ ಒಳಗೆ ಬರುತ್ತದೆ. ಬೇಸಿಗೆಯಲ್ಲಿ ಒಣಗಿದ ಜಂಬಿಟ್ಟಿಗೆ ನೆಲದಲ್ಲಿ ಅರ್ತಿಂಗ್ ದುರ್ಬಲವಾಗಿರುವ ಹೊತ್ತಿಗೇ ಸಿಡಿಲಿನ ಕಾಲ ಬರುವುದು ದುರದೃಷ್ಟ.

ಇದರಿಂದ ಹೊರಡುವ ನಿಯಮ ಸರಳ: ತಪಾಸಣೆ ಮನೆಯ ಹೊರಗಿನಿಂದ ಒಳಕ್ಕೆ ಬರಬೇಕು. ಮೊದಲು ಯಂತ್ರ ಓಡುತ್ತಿರುವಾಗಲೇ ಸಾಕೆಟ್‌ನ ವೋಲ್ಟೇಜ್ ಅಳೆಯಬೇಕು, ಏಕೆಂದರೆ ಲೋಡ್ ಇಲ್ಲದಾಗ ಸರಿ ಕಾಣುವ ಲೈನ್ ಲೋಡ್ ಬಿದ್ದಾಗ ಕುಸಿಯಬಹುದು. ನ್ಯೂಟ್ರಲ್ ಮತ್ತು ಅರ್ತ್ ನಡುವೆ ನಾಲ್ಕೈದು ವೋಲ್ಟ್ ಮೀರಿದರೆ ಯಂತ್ರ ಮುಟ್ಟದೆ ಎಲೆಕ್ಟ್ರಿಷಿಯನ್‌ರನ್ನು ಕರೆಯಬೇಕು. ನ್ಯೂಟ್ರಲ್ ಕಡಿದರೆ 230ರ ಜಾಗದಲ್ಲಿ 400 ವೋಲ್ಟ್‌ವರೆಗೂ ಬರಬಹುದು, ಅದು ಜೀವಕ್ಕೇ ಅಪಾಯ. ಆಮೇಲೆ ಪ್ಲಗ್ಗು, ಕನೆಕ್ಟರ್‌ಗಳ ಬಿಸಿ, ಫ್ಯಾನು, ಧೂಳು, ತೇವ. ಆಮೇಲೆ ನೆಟ್‌ವರ್ಕ್. ಮೈನಿಂಗ್‌ಗೆ ಡೇಟಾ ತೀರ ಕಡಿಮೆ ಸಾಕು, ಆದರೆ ಸಂಪರ್ಕ ಕಡಿಯಬಾರದು. ಶರಾವತಿ ಹಿನ್ನೀರಿನ ಊರುಗಳಲ್ಲಿ ಕಷ್ಟವಾಗುವುದು ಈ ಎರಡನೆಯದೇ. ಕಡೆಯಲ್ಲಿ ಫರ್ಮ್‌ವೇರ್, ಡ್ರೈವರ್, ಸೆಟ್ಟಿಂಗ್. ಹೆಚ್ಚಿನವರು ಈ ಕ್ರಮವನ್ನು ತಲೆಕೆಳಗು ಮಾಡಿ ಮೊದಲು ತಂತ್ರಾಂಶ ಮರುಸ್ಥಾಪಿಸುತ್ತಾರೆ. ತಂತ್ರಾಂಶ ಬದಲಿಸಲು ದುಡ್ಡು ಬೇಡ, ಮೀಟರೂ ಬೇಡ ಎಂಬುದು ಅದಕ್ಕೆ ಕಾರಣವೇ ಹೊರತು ದೋಷ ಅಲ್ಲಿರುತ್ತದೆ ಎಂದಲ್ಲ.

ಇಷ್ಟೆಲ್ಲ ಸರಿಮಾಡಿದ ಮೇಲೂ ಉಳಿಯುವ ದೋಷ ಲೆಕ್ಕದ್ದು. ಎಸ್9 ದಿನಕ್ಕೆ 31 ಯೂನಿಟ್ ಉರಿಸುತ್ತದೆ, ತಿಂಗಳಿಗೆ 936. ರಾಜ್ಯದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯ 200 ಯೂನಿಟ್ ಮಿತಿ ಒಂದು ವಾರದೊಳಗೆ ಮುಗಿದು, ಇಡೀ ಬಿಲ್ಲು ಮನೆಯವರ ತಲೆಗೆ ಬರುತ್ತದೆ. ಯೂನಿಟ್‌ಗೆ ಆರು ರೂಪಾಯಿ ಹಿಡಿದರೂ ದಿನದ ಖರ್ಚು ಸುಮಾರು 187 ರೂಪಾಯಿ. 2024ರ ಏಪ್ರಿಲ್‌ನಲ್ಲಿ ಬ್ಲಾಕಿನ ಬಹುಮಾನ 3.125 ಬಿಟ್‌ಕಾಯಿನ್‌ಗೆ ಇಳಿಯಿತು; ಆ ಹೊತ್ತಿಗೆ ಜಾಲದ ಒಟ್ಟು ವೇಗ 600 ಎಕ್ಸಾಹ್ಯಾಶ್ ದಾಟಿತ್ತು. ಅದರಲ್ಲಿ ಈ ಯಂತ್ರದ ಪಾಲು 4.4 ಕೋಟಿಯಲ್ಲಿ ಒಂದು. ಬಿಟ್‌ಕಾಯಿನ್‌ಗೆ 50 ಲಕ್ಷ ರೂಪಾಯಿ ಬೆಲೆ ಹಿಡಿದರೆ ದಿನದ ಹುಟ್ಟುವಳಿ ಸುಮಾರು 50 ರೂಪಾಯಿ. ಅದರ ಮೇಲೆ 2022ರ ಏಪ್ರಿಲ್ 1ರಿಂದ ಲಾಭಕ್ಕೆ ಶೇ 30 ತೆರಿಗೆ. ಮೈನಿಂಗ್ ಸೌಕರ್ಯದ ಖರ್ಚನ್ನು ಅದರಿಂದ ಕಳೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಆ ವರ್ಷದ ಮಾರ್ಚ್‌ನಲ್ಲಿ ಸಂಸತ್ತಿನಲ್ಲೇ ತಿಳಿಸಿದೆ. ಯಂತ್ರ ಎಷ್ಟು ಚೆನ್ನಾಗಿ ಓಡಿತೋ ಅಷ್ಟು ನಷ್ಟ.

ಬೆಲೆ ಏರಬಹುದಲ್ಲ ಎಂಬ ಆಕ್ಷೇಪ ಸಹಜ. ಆದರೆ ಪ್ರತಿ 2,016 ಬ್ಲಾಕ್‌ಗೊಮ್ಮೆ ಜಾಲ ಲೆಕ್ಕದ ಕಷ್ಟವನ್ನು ಹೊಂದಿಸಿಕೊಳ್ಳುತ್ತದೆ. ಬೆಲೆ ಏರಿದರೆ ಜಗತ್ತಿನ ಎಲ್ಲೆಡೆ ಹೊಸ ಯಂತ್ರ ಹೂಡುತ್ತಾರೆ, ಹಳೆಯ ಯಂತ್ರದ ಪಾಲು ಇನ್ನಷ್ಟು ಕುಗ್ಗುತ್ತದೆ. ಬೆಲೆಯ ಮೇಲೆ ಅಷ್ಟು ನಂಬಿಕೆಯಿರುವವರಿಗೆ ಕರೆಂಟ್ ಬಿಲ್ಲಿನ ಹಣದಿಂದ ನೇರವಾಗಿ ನಾಣ್ಯ ಕೊಳ್ಳುವುದೇ ಅಗ್ಗ. ಎರಡನೇ ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಮಲೆನಾಡಿನ ಮನೆಗಳಲ್ಲಿ ಹಳ್ಳದ ನೀರಿನಿಂದ ಓಡುವ ಪಿಕೋ ಹೈಡ್ರೋ ಇದೆ, ಸೋಲಾರ್ ಇದೆ, ಪುಕ್ಕಟೆ ಕರೆಂಟಿಗೆ ಈ ಲೆಕ್ಕ ಹೊಂದುತ್ತದೆಯೇ? ಇಂಥ ಟರ್ಬೈನ್‌ಗಳು ಸಾಮಾನ್ಯವಾಗಿ ಒಂದು ಕಿಲೋವಾಟ್ ಆಸುಪಾಸಿನವು. ಎಸ್9 ವೇಗ ಇಳಿಸದೆ ಅದರಲ್ಲಿ ಓಡದು. ಹಳ್ಳದಲ್ಲಿ ನೀರು ತುಂಬಿರುವ ತಿಂಗಳುಗಳೇ ತೇವದ ತಿಂಗಳುಗಳು. ಮಿಕ್ಕ ಕರೆಂಟಿಗೆ ಮನೆಯಲ್ಲಿ ಬೇರೆ ಕೆಲಸಗಳಿವೆ: ನೀರು ಕಾಯಿಸಬಹುದು, ಮಳೆಗಾಲದಲ್ಲಿ ಒಣಗದ ಫಸಲಿಗೆ ಬಿಸಿಗಾಳಿ ಕೊಡಬಹುದು. ಯಾವುದಕ್ಕೂ ಉಪಯೋಗಿಸಲಾಗದೆ ವ್ಯರ್ಥವಾಗುವ ಕರೆಂಟ್ ಇರುವಲ್ಲಿ ಮಾತ್ರ ಈ ವಾದ ನಿಲ್ಲುತ್ತದೆ. ಅಂಥ ಮನೆಗಳು ಕಡಿಮೆ.

ಹಾಗಿದ್ದರೆ ಈ ವಿದ್ಯೆಯನ್ನು ಕಲಿಯುವುದೇ ದಂಡವೇ? ಖಂಡಿತ ಅಲ್ಲ. ಲೋಡಿನಲ್ಲಿ ವೋಲ್ಟೇಜ್ ಅಳೆಯುವುದು, ಅರ್ತಿಂಗ್ ಪರೀಕ್ಷಿಸುವುದು, ಸರಪಳಿಯನ್ನು ಅರ್ಧರ್ಧ ಕಡಿದು ದೋಷ ಹುಡುಕುವುದು, ದಾಖಲೆ ಓದಿ ಕಾರಣವನ್ನೂ ಲಕ್ಷಣವನ್ನೂ ಬೇರ್ಪಡಿಸುವುದು—ಇವು ಪಂಪ್‌ಸೆಟ್ ಸ್ಟಾರ್ಟರ್‌ಗೆ, ಇನ್ವರ್ಟರ್‌ಗೆ, ಸೋಲಾರ್‌ಗೆ, ಮನೆಯಿಂದ ಕೆಲಸ ಮಾಡುವ ಮಕ್ಕಳ ಇಂಟರ್‌ನೆಟ್ಟಿಗೆ ಹಾಗೆಯೇ ಬರುತ್ತವೆ. ಕಲಿಯಲು ಬೇಕಾದರೆ ಬಿಟ್‌ಆಕ್ಸ್‌ನಂಥ, ವಿನ್ಯಾಸ ಎಲ್ಲರಿಗೂ ತೆರೆದಿರುವ ಪುಟ್ಟ ಯಂತ್ರ ಸಾಕು. ಅದು ಬಳಸುವುದು ಸುಮಾರು 15 ವ್ಯಾಟ್, ತಿಂಗಳಿಗೆ 11 ಯೂನಿಟ್. ಅದರ 1.2 ಟೆರಾಹ್ಯಾಶ್ ವೇಗಕ್ಕೆ ಒಂಟಿಯಾಗಿ ಒಂದು ಬ್ಲಾಕ್ ಸಿಗುವ ಸರಾಸರಿ ಅವಧಿ ಒಂಬತ್ತು ಸಾವಿರ ವರ್ಷ ಮೀರುತ್ತದೆಂಬುದು ನೆನಪಿರಲಿ. ಅದು ಪಾಠದ ಸಾಧನ, ಆದಾಯದ್ದಲ್ಲ. ಹಳೆಯ ಎಸ್9 ಅಗ್ಗಕ್ಕೆ ಸಿಗುತ್ತದೆಂದು ಸಾಲ ಮಾಡಿ ತರಲು ಹೊರಟಿರುವ ಸಾಗರ, ಹೊಸನಗರ, ತೀರ್ಥಹಳ್ಳಿಯ ಯುವಕರಲ್ಲಿ ಒಂದೇ ಕೋರಿಕೆ: ಮೊದಲು ಒಂದು ಒಳ್ಳೆಯ ಮಲ್ಟಿಮೀಟರ್ ಕೊಳ್ಳಿ, ಒಂದು ಬೇಸಿಗೆ ಮತ್ತು ಒಂದು ಮಳೆಗಾಲ ನಿಮ್ಮ ಮನೆಯ ವೋಲ್ಟೇಜ್ ಬರೆದಿಡಿ. ಆ ಪಟ್ಟಿಯನ್ನೇ ಹಿಡಿದು ಮೆಸ್ಕಾಂ ಕಚೇರಿಗೆ ಹೋಗಿ ಲೈನ್ ಸರಿಪಡಿಸಲು ಕೇಳಿ. ಅದರಿಂದ ಸಿಗುವ ಲಾಭ ಇಡೀ ಊರಿಗೆ, ಮತ್ತು ಅದು ಯಾವ ನಾಣ್ಯದ ಬೆಲೆಯನ್ನೂ ನೆಚ್ಚಿಕೊಂಡಿಲ್ಲ.